ಮಿಗ್-21 ಹೋತು, ಮುಂದ ಯಾವ್ದು? ರಫೇಲಾ, ತೇಜಸ್ಸಾ?

ಗಂಗಾವತಿ_ಹುಡುಗ:
ನಮಸ್ಕಾರ್ರಿ ಎಲ್ಲರಿಗೂ. 2025 ಸೆಪ್ಟೆಂಬರ್ 26ಕ್ಕ ಚಂಡೀಗಢದಾಗ ಹಳೇ ಯುದ್ಧವಿಮಾನ ಮಿಗ್-21ಗೆ ಸಲಾಂ ಹೊಡೆದು ಕಳಿಸಿದ್ರು, ಈಗ ಏರ್‌ಫೋರ್ಸ್‌ನ್ಯಾಗ 29 ಸ್ಕ್ವಾಡ್ರನ್ (ಯುದ್ಧವಿಮಾನದ ದಳ) ಅಷ್ಟ ಉಳದಾವಂತ, ಇರಬೇಕಾಗಿದ್ದು 42. ಚಾದಂಗ್ಡಿ ಕಟ್ಟಿ ಮ್ಯಾಲ ದಿನಾ ಇದ ಜಗಳ, ಒಬ್ಬ ಫ್ರಾನ್ಸಿನ ರಫೇಲ್ ಅಂತಾನ, ಇನ್ನೊಬ್ಬ ರಷ್ಯಾದ ಸುಖೋಯ್-57, ನಮ್ಮ ದೋಸ್ತ ಒಬ್ಬ ಅಮೆರಿಕಾದ ಎಫ್-35 ಬಿಟ್ಟು ಮಾತ ಆಡಂಗಿಲ್ಲ. ನಮ್ಮ ದೇಶದಾಗ ಮಾಡಿದ ತೇಜಸ್ ಸಾಕಾಗಂಗಿಲ್ಲೇನು? ತಿಳದೋರು ಸ್ವಲ್ಪ ಬಿಡಿಸಿ ಹೇಳ್ರಿ.

ಬಳ್ಳಾರಿ_ಬಿಸಿಲು:
ಎಫ್-35 ಮರತುಬಿಡ್ರಿ. 2025ರ ಏರೋ ಇಂಡಿಯಾದಾಗ ಯಲಹಂಕಕ್ಕ ಎಫ್-35, ಸುಖೋಯ್-57 ಎರಡೂ ಬಂದಿದ್ವು, ಜನ ಫೋಟೋ ಹೊಡ್ಕೊಂಡಿದ್ದ ಹೊಡ್ಕೊಂಡಿದ್ದು. ಖರೀದಿ ಕಥಿನ ಬ್ಯಾರೆ. 126 ವಿಮಾನಕ್ಕ 2007ರಾಗ ಟೆಂಡರ್ ಕರದ್ರು, 2012ಕ್ಕ ರಫೇಲ್ ಅಂತ ಆರಿಸಿದ್ರು, ಆಮ್ಯಾಲ ರೇಟು, ಸರ್ಕಾರಿ ವಿಮಾನ ಕಂಪನಿ ಎಚ್‌ಎಎಲ್‌ನ್ಯಾಗ ಮಾಡಿದ್ದಕ್ಕ ಗ್ಯಾರಂಟಿ ಯಾರು ಕೊಡಬೇಕು ಅನ್ನೋ ಜಗ್ಗಾಟದಾಗ ಎಲ್ಲಾ ಬಿದ್ದೋತು, ಕಡೀಕ 2016ರಾಗ ಸೀದಾ 36 ತಗೊಂಡ್ರು.

ಸಿಂಧನೂರು_ಮೆಕ್ಯಾನಿಕ್:
ತಮ್ಮಾ, ಯಾವ ವಿಮಾನ ಅನ್ನೋದು ಆಮ್ಯಾಲ, ಇಂಜಿನ್ ಯಾರ ಕೈಯಾಗ ಐತಿ ಅದನ್ನ ಮೊದಲ ನೋಡು. ತೇಜಸ್ ಮಾರ್ಕ್-1ಎ 2021ರಾಗ 83 ಆರ್ಡರ್ ಆದ್ವು, ಮಿಗ್ ಹೋಗೋ ಹಿಂದಿನ ದಿನ ಮತ್ತ 97ಕ್ಕ ಸಹಿ ಬಿತ್ತು, 62,370 ಕೋಟಿ. ರೊಕ್ಕ ಐತಿ, ಬೆಂಗಳೂರಾಗ ಲೈನ್ ಐತಿ, ನಾಶಿಕ್‌ದಾಗೂ ಶುರು ಮಾಡ್ಯಾರ. ಆದ್ರ ಅದಕ್ಕ ಹಾಕೋ ಎಫ್-404 ಇಂಜಿನ್ ಅಮೆರಿಕಾದ ಜಿಇ ಕಂಪನೀದು, ಆರ್ಡರ್ ಮಾಡಿದ 99 ಇಂಜಿನ್ ಪೈಕಿ ಮೊದಲ್ನೇದು ಬಂದಿದ್ದ 2025ರ ಮಾರ್ಚ್‌ಗೆ. ಸುಗ್ಗ್ಯಾಗ ಭತ್ತ ಕೊಯ್ಯೋ ಮಷಿನ್ ಬೆಲ್ಟ್ ಇಲ್ದ ಗದ್ದ್ಯಾಗ ನಿಂತಂಗ ಆತು.

ಇನ್ನೊಂದು, ಸುಖೋಯ್-30, ರಫೇಲ್, ಮಿರಾಜ್, ಜಾಗ್ವಾರ್, ಮಿಗ್-29, ತೇಜಸ್ ಅಂತ ಈಗಾಗ್ಲೇ ಆರು ಜಾತಿ ಅದಾವ, ಒಂದೊಂದಕ್ಕ ಬ್ಯಾರೆ ಸ್ಪೇರು, ಬ್ಯಾರೆ ಟೂಲು, ಬ್ಯಾರೆ ಟ್ರೇನಿಂಗು. ಏಳನೇದು ಯಾಕ ಬೇಕು? ಹೊರಗಿಂದು ತರೋದಾದ್ರ ರಫೇಲ್‌ನ ಇನ್ನಷ್ಟು ತರ್ಲಿ, ಅಂಬಾಲಾ, ಹಾಸಿಮಾರಾ ಏರ್ ಬೇಸ್ನ್ಯಾಗ ಅದಕ್ಕ ಎಲ್ಲಾ ವ್ಯವಸ್ಥಾ ಆಗೈತಿ, ನೇವಿನೂ 26 ರಫೇಲ್ ಆರ್ಡರ್ ಕೊಟ್ಟೈತಿ.

ಗಂಗಾವತಿ_ಹುಡುಗ:
ಅಣ್ಣಾ 2025ರ ನವೆಂಬರ್‌ದಾಗ ದುಬೈ ಏರ್ ಶೋದಾಗ ತೇಜಸ್ ಬಿತ್ತಲ್ಲ, ಅದಕ್ಕೇನಂತೀರಿ?

ಸಿಂಧನೂರು_ಮೆಕ್ಯಾನಿಕ್:
ಪೈಲಟ್ ಹೋದ್ರು, ನೆನಿಸ್ಕೊಂಡ್ರ ಸಂಕಟ ಆಗ್ತೈತಿ. ಆದ್ರ 2001ರಾಗ ಹಾರಾಕ ಶುರು ಮಾಡಿದ್ದು, ಮೊದಲ್ನೇ ಸಲ ಬಿದ್ದಿದ್ದು 2024ರಾಗ ಜೈಸಲ್ಮೇರ್ ಹತ್ರ. ಮಿಗ್-21 ಬಿದ್ದಿದ್ದರ ಲೆಕ್ಕ ತಗದ್ರ ಇದು ಏನೂ ಅಲ್ಲ.

ರಾಯಚೂರು_ಕೋಟೆ:
ಮೆಕ್ಯಾನಿಕ್ ಸಾಹೇಬ್ರ, ತೇಜಸ್‌ನ ಮುಂದಿನ ಮಾದರಿ ಮಾರ್ಕ್-2ಕ್ಕ ಹಾಕೋ ಎಫ್-414 ಕೂಡ ಜಿಇದ ಅದ. ನಮ್ದ ಕಾವೇರಿ ಇಂಜಿನ್ 1989ರಾಗ ಮಂಜೂರಾತು, ಬೇಕಾದಷ್ಟು ತಾಕತ್ತು ಬರ್ಲಿಲ್ಲಂತ 2008ರಾಗ ತೇಜಸ್‌ನಿಂದ ಬಿಡಿಸಿದ್ರು. ಹಂಗಂತ ರಫೇಲ್ ಇಂಜಿನ್ ಏನು ನಮ್ಮ ಮನ್ಯಾಗ ಆಗ್ತದೇನು?