ಅಪ್‌ಡೇಟ್: ಅಪ್ಪನ ಲ್ಯಾಕ್ಟುಲೋಸ್ ಸಿರಪ್ ನಿಲ್ಲಿಸಬೇಕಾ?

ಅಪ್ಪನಿಗೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ), ದಿನಕ್ಕೆ ಐದಾರು ಸಲ ಭೇದಿಯಾದರೆ ಲ್ಯಾಕ್ಟುಲೋಸ್ ನಿಲ್ಲಿಸಬಹುದಾ ಎಂದು ಕೇಳಿದ್ದೆ. ಲಿವರ್ ಡಾಕ್ಟರ ಹತ್ತಿರ ಖಚಿತ ಮಾಡಿಕೊಂಡದ್ದು: ನಾವಾಗಿಯೇ ನಿಲ್ಲಿಸಬಾರದು, ಅವರಿಗೆ ಅವತ್ತೇ ತಿಳಿಸಿ ಡೋಸ್ ಇಳಿಸಿಕೊಳ್ಳಬೇಕು.

ಲೆಕ್ಕ ಹಿಡಿಯಬೇಕಾದ್ದು ಮಿಲಿಲೀಟರ್ ಅಲ್ಲ, ದಿನಕ್ಕೆ 2–3 ಸಲ ಮೆತ್ತಗೆ ಹೋಗುವುದು. ಕರುಳಿನ ಅಮೋನಿಯಾ ರಕ್ತಕ್ಕೆ ಸೇರದೆ ಮಲದಲ್ಲೇ ಹೊರಹೋಗಲಿ ಅಂತಲೇ ಈ ಔಷಧಿ. ಮಲ ಕಟ್ಟಿದರೆ ಅಮೋನಿಯಾ ಏರಿ ತಲೆ ಮಂಕಾಗುತ್ತದೆ. ನೀರಿನಂತೆ ಭೇದಿಯಾದರೂ ಅಷ್ಟೇ, ಮೈಯ ನೀರು, ಪೊಟ್ಯಾಸಿಯಂ ಇಳಿದು ಅದೇ ಮಂಕು. ಇದು ನನಗೆ ಗೊತ್ತೇ ಇರಲಿಲ್ಲ.

ಅಡುಗೆಮನೆ ಚಮಚ ಬೇಡ, ಗೆರೆಯಿರುವ ಅಳತೆ ಮುಚ್ಚಳವೇ ಆಗಬೇಕು. ಸಿರಪ್ ಅಂಟು, ತಳದಲ್ಲಿ ಉಳಿಯುತ್ತೆ; ಸ್ವಲ್ಪ ನೀರು ಹಾಕಿ ಅದನ್ನೂ ಕುಡಿಸಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಟಾಯ್ಲೆಟ್‌ಗೆ ಅವಸರವಾದೀತೆಂದು ಚೆಕಪ್ ದಿನ ಡೋಸ್ ಬಿಡಬೇಡಿ, ಸಮಯ ಬದಲಿಸಬಹುದಾ ಎಂದು ಮೊದಲೇ ಕೇಳಿ.

ದಿನಾ ಕೈ ಮುಂದೆ ಚಾಚಿಸಿ, ಅಂಗೈ ಹಿಂದಕ್ಕೆ ಮಡಿಸಿ ಹಿಡಿಯಲು ಹೇಳಿ. ರೆಕ್ಕೆ ಬಡಿದಂತೆ ಕೈ ಅದುರಿದರೆ, ಹಗಲಲ್ಲಿ ನಿದ್ದೆ ಬಂದು ರಾತ್ರಿ ಎಚ್ಚರವಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಎಬ್ಬಿಸಲು ಕಷ್ಟವಾದರೆ, ಮಲ ಕಪ್ಪಾದರೆ ನೇರ ಎಮರ್ಜೆನ್ಸಿಗೆ. ಮೆಡಿಕಲ್ ಶಾಪಿನ ನಿದ್ದೆ ಮಾತ್ರೆ, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಮಾತ್ರ ದಯವಿಟ್ಟು ಕೊಡಬೇಡಿ.