ವಾರಕ್ಕೆ 2 ಲಕ್ಷ ಪೌಂಡ್ ಸಂಬಳ, ಆಡಲು ಜಾಗವಿಲ್ಲ: ಹೊರಗಿಟ್ಟ ಆಟಗಾರನನ್ನು ಮತ್ತೆ ತಂಡಕ್ಕೆ ತೆಗೆದುಕೊಳ್ಳಬೇಕೋ ಬೇಡವೋ?

ಮಾಟುಂಗಾ ವಿಂಗರ್ (ಮುಂಬೈ) ಕೇಳಿದ್ದು:

ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ನೋಡುವ ನಮ್ಮ ಮಾಟುಂಗಾ-ಡೊಂಬಿವಲಿ ಬಳಗದಲ್ಲಿ ಪ್ರತಿ ಸೀಸನ್ನಿಗೂ ಈ ವಾದ ಏಳುತ್ತದೆ. ಕೋಚ್ ಒಬ್ಬ ದೊಡ್ಡ ಸಂಬಳದ ಆಟಗಾರನನ್ನು ಬೇರೆ ಗುಂಪಿನಲ್ಲಿ ತರಬೇತಿಗೆ ಹಾಕುತ್ತಾನೆ, ಕೊಳ್ಳುವವರು ಯಾರೂ ಬರುವುದಿಲ್ಲ, ಸಂಬಳ ಮಾತ್ರ ಹೋಗುತ್ತಲೇ ಇರುತ್ತದೆ. ಅರ್ಧ ಜನ "ಸಂಬಳ ಕೊಡುತ್ತಿದ್ದೀರಲ್ಲ, ಆಡಿಸಿ" ಅನ್ನುತ್ತಾರೆ. ಇನ್ನರ್ಧ ಜನ "ಒಮ್ಮೆ ಹೊರಗೆ ಹಾಕಿದವನನ್ನು ಒಳಗೆ ಕರೆದರೆ ಕೋಚ್ ಮಾತಿಗೆ ಬೆಲೆ ಎಲ್ಲಿ?" ಅನ್ನುತ್ತಾರೆ.

ಅಂದಾಜಿನ ಮೇಲೆ ಮಾತು ಬೇಡ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಯಸ್ಸು 27. 5 ಕೋಟಿ ಪೌಂಡ್ ಕೊಟ್ಟು 5 ವರ್ಷದ ಒಪ್ಪಂದಕ್ಕೆ ತಂದದ್ದು, ಅದರಲ್ಲಿ 3 ವರ್ಷ ಮುಗಿದಿದೆ. ವಾರಕ್ಕೆ 2 ಲಕ್ಷ ಪೌಂಡ್. ಒಂದು ಸಲ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ ಬೇರೆ ಕ್ಲಬ್ಬಿಗೆ, ಹೋಗಿ ವಾಪಸ್ ಬಂದಿದ್ದಾನೆ. ಗಾಯ ಏನಿಲ್ಲ. ಕ್ಲಬ್ ಯಾವ ಲೆಕ್ಕದ ಮೇಲೆ ತೀರ್ಮಾನಿಸಬೇಕು? ತೆಗೆದುಕೊಳ್ಳುವುದಾದರೆ ಹೇಗೆ?

ಮುಲುಂಡ್ ಲೆಕ್ಕಿಗ (ಮುಂಬೈ):

ಮೊದಲು ದುಡ್ಡಿನ ಲೆಕ್ಕ ನೋಡುವ ಮಾರಾಯ್ರೇ, ಯಾಕೆಂದರೆ ಹೆಚ್ಚಿನವರು ತಪ್ಪುವುದು ಅಲ್ಲೇ.

5 ಕೋಟಿಯನ್ನು ಕ್ಲಬ್ ತನ್ನ ಲೆಕ್ಕಪತ್ರದಲ್ಲಿ ಒಪ್ಪಂದದ ಐದು ವರ್ಷಕ್ಕೆ ಹಂಚುತ್ತದೆ, ವರ್ಷಕ್ಕೆ 1 ಕೋಟಿ. ಮೂರು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಉಳಿದದ್ದು 2 ಕೋಟಿ. ಸಂಬಳ ವರ್ಷಕ್ಕೆ 1.04 ಕೋಟಿ, ಅದರ ಮೇಲೆ ಮಾಲೀಕರು ಬ್ರಿಟನ್ ಸರ್ಕಾರಕ್ಕೆ ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ 15%, ಅಂದರೆ ಹತ್ತಿರ ಹತ್ತಿರ 15.6 ಲಕ್ಷ. ಒಟ್ಟು ವರ್ಷಕ್ಕೆ 2.2 ಕೋಟಿ ಪೌಂಡ್ ಖರ್ಚು ಉಂಟು. ಇದು ಅವನು ಆಡಿದರೂ ಅಷ್ಟೇ, ಮೂಲೆಯ ಮೈದಾನದಲ್ಲಿ ಕೋನ್‌ಗಳ ನಡುವೆ ಓಡಿದರೂ ಅಷ್ಟೇ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಇಟ್ಟ ಸ್ಕ್ವಾಡ್ ವೆಚ್ಚದ (ಕ್ಲಬ್ ಆದಾಯದ 70%) ಮಿತಿಯೊಳಗೂ ಈ ಮೊತ್ತ ಪೂರ್ತಿ ಸೇರುತ್ತದೆ. ಹೊರಗಿಟ್ಟ ಕೂಡಲೇ ಖರ್ಚು ಇಳಿಯಿತು ಅಂದುಕೊಳ್ಳುವುದು ಶುದ್ಧ ತಪ್ಪು.

ಈಗ ಮಾರುವ ವಿಷಯ. ಯಾರೋ 1.2 ಕೋಟಿ ಕೊಡಲು ಬಂದರು ಅನ್ನಿ. ಪುಸ್ತಕದಲ್ಲಿ 2 ಕೋಟಿ ಇರುವುದರಿಂದ ಆ ವರ್ಷವೇ 80 ಲಕ್ಷ ನಷ್ಟ ತೋರಿಸಬೇಕು. ಅಲ್ಲಿಗೆ ಮುಗಿಯಲಿಲ್ಲ. ಹೊಸ ಕ್ಲಬ್ ವಾರಕ್ಕೆ 90 ಸಾವಿರ ಕೊಡುತ್ತೇನೆ ಅಂದರೆ ಆಟಗಾರ ವಾರಕ್ಕೆ 1.1 ಲಕ್ಷ ಕಳೆದುಕೊಳ್ಳುತ್ತಾನೆ, ಎರಡು ವರ್ಷಕ್ಕೆ 1.14 ಕೋಟಿ. ಸಹಿ ಹಾಕಿದ ಒಪ್ಪಂದ ಕೈಯಲ್ಲಿರುವಾಗ ಅವನು ಯಾಕೆ ಬಿಡಬೇಕು? ಅದರಲ್ಲಿ ಅರ್ಧವನ್ನಾದರೂ ಮಾರುವ ಕ್ಲಬ್ಬೇ ತುಂಬಿಕೊಡಬೇಕಾಗುತ್ತದೆ, ಸುಮಾರು 57 ಲಕ್ಷ. ಪತ್ರಿಕೆಯಲ್ಲಿ 1.2 ಕೋಟಿಗೆ ಮಾರಾಟ ಅಂತ ಬರುತ್ತದೆ, ಕೈಗೆ ಬರುವುದು 63 ಲಕ್ಷ.

ಲೋನ್ ಇನ್ನೂ ಮೋಸದ್ದು. ಲೋನ್ ಮೇಲೆ ಕರೆದುಕೊಂಡ ಕ್ಲಬ್ 60% ಸಂಬಳ ಕೊಟ್ಟರೆ ವರ್ಷಕ್ಕೆ 62.4 ಲಕ್ಷ ಉಳಿಯಿತು, ಸರಿ. ಆದರೆ ಬಾಕಿ 41.6 ಲಕ್ಷವೂ ಖರೀದಿ ಬೆಲೆಯ ವಾರ್ಷಿಕ 1 ಕೋಟಿಯ ಪಾಲೂ ಇಲ್ಲೇ ಉಳಿಯಿತು. ವರ್ಷ ಕಳೆದು ಅವನು ವಾಪಸ್ ಬರುವಾಗ ಒಪ್ಪಂದದಲ್ಲಿ ಒಂದೇ ವರ್ಷ ಬಾಕಿ, ಬೆಲೆ ಇನ್ನೂ ಕುಸಿದಿರುತ್ತದೆ. "ಕಡ್ಡಾಯ ಖರೀದಿ" ಅಂತ ಬರೆಸಿಕೊಂಡರೂ ಭರವಸೆ ಇಲ್ಲ. 2024ರಲ್ಲಿ ಜೇಡನ್ ಸ್ಯಾಂಚೊ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಚೆಲ್ಸಿಗೆ ಹೋದಾಗ ಅಂಥದ್ದೇ ಷರತ್ತು ಇತ್ತು. ಸೀಸನ್ ಮುಗಿದ ಮೇಲೆ ಚೆಲ್ಸಿ 50 ಲಕ್ಷ ಪೌಂಡ್ ದಂಡ ಕೊಟ್ಟು ಖರೀದಿಯಿಂದ ಹಿಂದೆ ಸರಿಯಿತು.

ಹಾಗಾಗಿ ನನ್ನ ಉತ್ತರ: ಒಪ್ಪಂದ ಎರಡು ವರ್ಷ ಬಾಕಿ ಇರುವಾಗ ಒಳಗೆ ತೆಗೆದುಕೊಳ್ಳಿ, ಆಡಿಸಿ, ಜನವರಿಯೊಳಗೆ ಹತ್ತು-ಹನ್ನೆರಡು ಪಂದ್ಯ ಮೈಗೆ ಹತ್ತಲಿ. ಬೇರೆ ಗುಂಪಿನಲ್ಲಿರುವವನ ಬೆಲೆಯನ್ನು ಕೊಳ್ಳುವವರು ವಿಂಡೋದ (ಆಟಗಾರರನ್ನು ಕೊಳ್ಳುವ-ಮಾರುವ ಅವಧಿಯ) ಕೊನೆಯ ದಿನದವರೆಗೂ ಇಳಿಸುತ್ತಲೇ ಹೋಗುತ್ತಾರೆ. ಮಾರಲೇಬೇಕು ಅಂತ ಕ್ಲಬ್ಬೇ ಬೋರ್ಡು ಹಾಕಿದ ಮೇಲೆ ಅವರು ಯಾಕೆ ಅವಸರ ಮಾಡುತ್ತಾರೆ?

ವಾಸ್ಕೋ ಸ್ಟಾಪರ್ (ಗೋವಾ):

ಲೆಕ್ಕಿಗರು ಹೇಳಿದ್ದು ಖರೇ ಅದ. ಆದ್ರ ರೊಕ್ಕಕ್ಕಿಂತ ಮೊದಲ ತಾರೀಖು ನೋಡ್ರಿ. ಬೇಸಿಗಿ ವಿಂಡೋ ಮುಚ್ಚಿದ ಮ್ಯಾಲೆ ಪ್ರೀಮಿಯರ್ ಲೀಗಿಗೆ 25 ಮಂದಿ ಪಟ್ಟಿ ಕೊಡಬೇಕು. ಅದರಾಗ ಹೆಸರು ಇಲ್ಲಂದ್ರ, ಅಕ್ಟೋಬರ್‌ದಾಗ ಕೋಚು ಆಟಗಾರ ಕೈಕೈ ಹಿಡಕೊಂಡು ರಾಜಿ ಆದ್ರೂ ಜನವರಿತನಕ ಲೀಗ್ ಪಂದ್ಯ ಆಡಾಕ ಬರಂಗಿಲ್ಲ. 2020ರಾಗ ಆರ್ಸೆನಲ್ ಮೆಸುಟ್ ಓಝಿಲ್‌ನ ಯುರೋಪಾ ಲೀಗ್ ಪಟ್ಟಿಯಿಂದನೂ ಲೀಗ್ ಪಟ್ಟಿಯಿಂದನೂ ಬಿಡ್ತು. ವಾರಕ್ಕ 3.5 ಲಕ್ಷ ಪೌಂಡ್ ಅಂತ ಸುದ್ದಿ ಆಗಿದ್ದ ಆಟಗಾರ, ಮಾರ್ಚ್ 2020ರ ಮ್ಯಾಲೆ ಒಂದ ಪಂದ್ಯನೂ ಆಡದ ಜನವರಿ 2021ಕ್ಕ ಫೆನರ್‌ಬಾಚೆಗೆ ಹೋದ. ನಡುವ ತಂಡಕ್ಕ ಗೋಲು ಬರ್ದಂಗ ಆದಾಗನೂ ಕೋಚಿನ ಕೈ ಕಟ್ಟಿತ್ತು.

ಪಟ್ಟಿ ಒಳಗ ಇನ್ನೊಂದು ಸೂಕ್ಷ್ಮ ಅದ. 25ರಾಗ ಹೊರಗ ತಯಾರಾದವರು 17ಕ್ಕಿಂತ ಹೆಚ್ಚು ಇರೂಹಂಗಿಲ್ಲ. ಉಳಿದ 8 ಜಾಗ ಹೋಮ್‌ಗ್ರೋನ್ ಆಟಗಾರರಿಗೆ, ಅಂದ್ರ 21 ತುಂಬೂದರೊಳಗ ಇಂಗ್ಲೆಂಡ್ ಇಲ್ಲಾ ವೇಲ್ಸ್ ಕ್ಲಬ್ಬಿನಾಗ ಮೂರು ಸೀಸನ್ ಕಳದವರಿಗೆ. ಕ್ಲಬ್ಬಿನಾಗ ಅಂಥವರು ಐದ ಮಂದಿ ಇದ್ರ ಪಟ್ಟಿ 22ಕ್ಕ ನಿಲ್ತದ, ಮೂರು ಜಾಗ ಖಾಲಿ. ನಿಮ್ಮ 27ರ ಆಟಗಾರ ಹೋಮ್‌ಗ್ರೋನ್ ಇದ್ರ ಅವನ ಹೆಸರು ಬರಿಯೂದ್ರಿಂದ ಯಾರ ಜಾಗಾನೂ ಹೋಗಂಗಿಲ್ಲ. ಬರೀದ ಬಿಡೂದು ಬರೇ ಸಿಟ್ಟಿನ ಕೆಲಸ ಆಗ್ತದ. ಹೊರಗಿನಾವ ಇದ್ರ ಮಾತ ಬ್ಯಾರೆ, ಆವಾಗ ಅವನ ಸಲುವಾಗಿ ಒಬ್ಬ ಹೊಸಬನ್ನ ಬಿಡಬೇಕಾಗ್ತದ. ನಮ್ಮ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಒಳಗ ವಿದೇಶಿ ಆಟಗಾರರ ಜಾಗಾನ ಆರು, ಮೈದಾನಕ್ಕ ಇಳಿಯೂದು ನಾಲ್ಕ. ನಮ್ಮ ಗೋವಾ ತಂಡದ ಮೈದಾನ ಫಾತೋರ್ಡಾದಾಗ ಅಂಥಾ ಒಬ್ಬ ಸುಮ್ನ ಕೂತ್ರ ವಿದೇಶಿ ಜಾಗದ ಆರನೇ ಒಂದು ಭಾಗ ಕಟ್ಟಿಹಾಕಿದಂಗ.

ಕಾಯ್ದೆ ಬಗ್ಗೆ: ಫಿಫಾ ನಿಯಮ 14ರಾಗ 2018ರಿಂದ ಒಂದು ಮಾತು ಸೇರ್ಯದ. ಒಪ್ಪಂದ ಮುರೀಲಿ ಇಲ್ಲಾ ಬದಲಿ ಮಾಡ್ಲಿ ಅಂತ ಒತ್ತಾಯ ತರಾಕ ಕಿರುಕುಳ ಕೊಟ್ರ, ಎದುರಿನವರು ನ್ಯಾಯವಾದ ಕಾರಣ ಅಂತ ಒಪ್ಪಂದ ಮುರೀಬಹುದು. ಬ್ಯಾರೆ ಗುಂಪಿನಾಗ ತರಬೇತಿ ಅಂದ ಕೂಡ್ಲೇ ಕಿರುಕುಳ ಆಗಂಗಿಲ್ಲ. ಆದ್ರ ಕೋಚ್ ಇಲ್ಲ, ಫಿಸಿಯೋ ಇಲ್ಲ, ಊಟದ ಕೋಣಿಗೂ ಬರಬ್ಯಾಡ, ರಾತ್ರಿ ಎಂಟಕ್ಕ ಬಂದು ಒಬ್ಬನ ಓಡು ಅಂದ್ರ ವಕೀಲರಿಗೆ ಕಾಗದಪತ್ರ ತಯಾರ ಮಾಡಿ ಕೊಟ್ಟಂಗ ಆಗ್ತದ. ನಿಯಮ 15 ಸೈತ ಅದ: ಪಳಗಿದ ವೃತ್ತಿಪರ ಆಟಗಾರ ಒಂದು ಸೀಸನ್ನಿನಾಗ 10%ಕ್ಕಿಂತ ಕಡಿಮಿ ಅಧಿಕೃತ ಪಂದ್ಯ ಆಡಿದ್ರ, ಕೊನೀ ಪಂದ್ಯ ಆದ 15 ದಿನದಾಗ ಕ್ರೀಡಾ ಕಾರಣ ಕೊಟ್ಟು ಹೊರಗ ಹೋಗಬಹುದು. ಪರಿಹಾರ ಕೊಡಬೇಕಾಗಬಹುದು, ಆದ್ರ ನಿಷೇಧ ಬೀಳಂಗಿಲ್ಲ.

ಬಾಲೇವಾಡಿ ಫಿಟ್‌ನೆಸ್ (ಪುಣೆ):

ಎಲ್ಲರೂ "ಒಳಗೆ ತಗೊಳ್ಳಿ" ಅಂತ ಒಂದೇ ಮಾತಲ್ಲಿ ಹೇಳಿಬಿಡ್ತಾರೆ. ದೇಹ ಅಷ್ಟು ಬೇಗ ಒಪ್ಪಲ್ಲ. ನಾಲ್ಕೈದು ಜನರ ಗುಂಪಲ್ಲಿ ಎರಡು ಮೂರು ತಿಂಗಳು ತರಬೇತಿ ಮಾಡಿದವನಿಗೆ ಓಡುವ ದಮ್ಮು ಇರುತ್ತೆ. ಇಲ್ಲದಿರೋದು 11ಕ್ಕೆ 11 ಆಟದ ಒತ್ತಡ: ಎದುರಾಳಿ ನೋಡಿ ಥಟ್ಟನೆ ನಿಲ್ಲೋದು, ತಿರುಗೋದು, ಆಯ ತಪ್ಪಿದಾಗಲೂ ಪೂರ್ತಿ ವೇಗಕ್ಕೆ ಏರೋದು. ಕೋನ್ ಇಟ್ಟು ಓಡಿಸಿದರೆ ಅದು ಬರಲ್ಲ. ಜಿಪಿಎಸ್ ಅಂಗಿಯ ಅಂಕಿ ನೋಡಿದರೆ ಒಟ್ಟು ದೂರ ಸರಿಯಾಗೇ ಕಾಣುತ್ತೆ. ಗಂಟೆಗೆ 25 ಕಿ.ಮೀ. ಮೀರಿದ ಓಟದ ಸಾಲು ನೋಡಿ, ಖಾಲಿ ಇರುತ್ತೆ. ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹೋಗೋದು ಅಲ್ಲೇ.

ಆರು ವಾರ ಬೇಕು. ಮೊದಲ ವಾರ ತೊಡೆಯ ಬಲದ ಪರೀಕ್ಷೆ. ಎಡ-ಬಲ ಕಾಲಿನ ನಡುವೆ 10-15% ಮೀರಿ ವ್ಯತ್ಯಾಸ ಇದ್ದರೆ ಮುಂದೆ ಹೋಗಬೇಡಿ, ತೊಡೆಯ ಹಿಂಭಾಗಕ್ಕೆ ಬಲ ಕೊಡುವ ನಾರ್ಡಿಕ್ ವ್ಯಾಯಾಮ ಹಾಕಿ ಸರಿ ಮಾಡಿ. ಎರಡನೇ ವಾರ ಮುಖ್ಯ ತಂಡದ ಜೊತೆ 4ಕ್ಕೆ 4, 6ಕ್ಕೆ 6 ಸಣ್ಣ ಆಟಗಳು, ಜೊತೆಗೆ ವಾರಕ್ಕೆರಡು ಸಲ ಅವನದೇ ಗರಿಷ್ಠ ವೇಗದ 90% ದಾಟುವ ನಾಲ್ಕೈದು ಓಟ. ಮೂರನೇ ವಾರ 21ರೊಳಗಿನವರ ತಂಡದಲ್ಲಿ 45 ನಿಮಿಷ, ನಾಲ್ಕನೇ ವಾರ 60-70 ನಿಮಿಷ. ವಯಸ್ಸು ಮೀರಿದ ಕೆಲವರನ್ನು ಆ ತಂಡದಲ್ಲಿ ಆಡಿಸೋಕೆ ಅವಕಾಶ ಇದೆ. ಐದನೇ ವಾರ ಬೆಂಚಿನಿಂದ 15-20 ನಿಮಿಷ. ಆರಂಭಿಕ 11ರಲ್ಲಿ ಹೆಸರು ಆಮೇಲಷ್ಟೇ.

ಎಡವೋದು ಎಲ್ಲಿ ಅಂದ್ರೆ, ಎರಡನೇ ವಾರ ಮುಖ್ಯ ವಿಂಗರ್‌ಗೆ ಗಾಯ ಆಗುತ್ತೆ, ಕೋಚ್ ಇವನನ್ನು 70 ನಿಮಿಷ ಆಡಿಸಿಬಿಡ್ತಾನೆ. ತೊಡೆ ಹಿಡಿದುಕೊಂಡು ಕೂರ್ತಾನೆ, "ಸಂಬಳ ತಗೊಂಡು ಸೋಮಾರಿಯಾಗಿದ್ದಾನೆ" ಅಂತ ಜನ ಕೂಗ್ತಾರೆ. ತಪ್ಪು ಯೋಜನೆ ಹಾಕಿದವರದ್ದು, ಬೈಗುಳ ಅವನಿಗೆ. ಇದನ್ನು ನೋಡಿದಾಗಲೆಲ್ಲ ಸಂಕಟ ಆಗುತ್ತೆ.

ಡೊಂಬಿವಲಿ ಗೋಲಿ (ಮುಂಬೈ):

ನಾನು ಒಪ್ಪುವುದಿಲ್ಲ. ನೀವೆಲ್ಲ ಆಟಗಾರನೊಬ್ಬನ ಲೆಕ್ಕ ಹಾಕುತ್ತಿದ್ದೀರಿ, ಡ್ರೆಸಿಂಗ್ ರೂಮಿನಲ್ಲಿ ಇನ್ನೂ 24 ಮಂದಿ ಇದ್ದಾರೆ. ವಾರಕ್ಕೆ 60 ಸಾವಿರಕ್ಕೆ ಎಲ್ಲ ಪಂದ್ಯ ಆಡುವವನ ಏಜೆಂಟ್ ಮರುದಿನವೇ ಫೋನ್ ಮಾಡುತ್ತಾನೆ. ಪ್ಯಾರಿಸ್ಸಿನ ಕ್ಲಬ್ ಪಿಎಸ್‌ಜಿ 2023ರ ಬೇಸಿಗೆಯಲ್ಲಿ ಎಂಬಾಪ್ಪೆಯನ್ನು ಜಪಾನ್ ಪ್ರವಾಸಕ್ಕೆ ಕರೆದೊಯ್ಯದೆ ಬಿಟ್ಟಿತು. ಲೊರಿಯಾಂ ಜೊತೆಗಿನ ಮೊದಲ ಪಂದ್ಯ 0-0 ಆಯಿತು, ಮಾರನೇ ದಿನವೇ ವಾಪಸ್ ಕರೆದುಕೊಂಡಿತು. 2024ರಲ್ಲಿ ಅವನು ಟ್ರಾನ್ಸ್‌ಫರ್ ಹಣ ಒಂದು ಪೈಸೆ ಬಾರದ ಹಾಗೆ ಹೊರಟ. ಹೊರಗಿಡುವ ಬೆದರಿಕೆ ಎಷ್ಟು ದಿನದ್ದು ಅಂತ ಎಲ್ಲ ಏಜೆಂಟರಿಗೂ ಗೊತ್ತಾಯಿತು.

ಆರ್ಸೆನಲ್ ಔಬಮೆಯಾಂಗ್ ವಿಷಯದಲ್ಲಿ ಗಟ್ಟಿಯಾಗಿ ನಿಂತಿತು. ಡಿಸೆಂಬರ್ 2021ರಲ್ಲಿ ನಾಯಕತ್ವ ಕಿತ್ತುಕೊಂಡಿತು, ಫೆಬ್ರವರಿ ಹೊತ್ತಿಗೆ ಒಪ್ಪಂದ ಮುಗಿಸಿ ಬಾರ್ಸಿಲೋನಾಕ್ಕೆ ಬಿಟ್ಟುಕೊಟ್ಟಿತು. ಆ ಸೀಸನ್ನಿನಲ್ಲಿ ಗೋಲಿಗೆ ಪರದಾಡಿದರೂ ಕೋಚ್ ಯಾರು ಅನ್ನುವುದು ಎಲ್ಲರಿಗೂ ಸ್ಪಷ್ಟವಾಯಿತು. ಒಪ್ಪಂದ ಕೊನೆಯ ವರ್ಷದ್ದಾಗಿದ್ದರೆ ಬಾಕಿ ಸಂಬಳದ ಒಂದು ಪಾಲು ಕೊಟ್ಟು ಕಳಿಸುವುದೇ ಲೇಸು.

ಮಾಟುಂಗಾ ವಿಂಗರ್:

ಗೋಲಿಯವರ ಮಾತಿನಲ್ಲಿ ಹುರುಳಿದೆ, ಆದರೆ ಮ್ಯಾಂಚೆಸ್ಟರ್ ಸಿಟಿಯ ಟೆವೆಝ್ ಕಥೆ ಇದಕ್ಕೆ ತದ್ವಿರುದ್ಧ ಅಲ್ಲವಾ? ಮತ್ತೆ ಒಳಗೆ ಕರೆಯುವಾಗ ಷರತ್ತು ಯಾವ ರೀತಿ ಹಾಕಬೇಕು? ಕ್ಷಮೆ ಕೇಳಿಸಬೇಕಾ?

ವಾಸ್ಕೋ ಸ್ಟಾಪರ್ (ಗೋವಾ):

ಟೆವೆಝ್ ಉದಾಹರಣಿ ಪೂರ್ತಿ ಹೇಳಬೇಕು, ಇಲ್ಲಂದ್ರ ಅರ್ಧಸತ್ಯ ಆಗ್ತದ. ಸೆಪ್ಟೆಂಬರ್ 2011, ಮ್ಯೂನಿಕ್‌ನಾಗ ಬಾಯರ್ನ್ ಎದುರು ಬೆಂಚ್ ಬಿಟ್ಟು ಏಳಲಿಲ್ಲ ಅಂತ ಸಿಟಿ ಕೋಚ್ ಮಾನ್ಚೀನಿ ಸಿಟ್ಟಾಗಿ, ನನ್ನ ಕೈಯಾಗಿದ್ರ ಇವನ ಕಥಿ ಮುಗೀತು ಅನ್ನೂಹಂಗ ಮಾತಾಡಿದ್ರು. ಸಿಟಿ ನಾಲ್ಕು ವಾರದ ಸಂಬಳ ದಂಡ ಹಾಕಾಕ ಹೋತು. ಆಟಗಾರರ ಸಂಘ ಒಪ್ಪಲಿಲ್ಲ, ಎರಡು ವಾರಕ್ಕ ಇಳೀತು. ಆಮ್ಯಾಲೆ ಅಂವ ಯಾರಿಗೂ ಹೇಳದ ಕೇಳದ ಅರ್ಜೆಂಟೀನಾಕ್ಕ ಹೋದ. ಫೆಬ್ರವರಿ 2012ಕ್ಕ ವಾಪಸ್ ಬಂದು ಕ್ಷಮೆ ಕೇಳಿದ, ಹಾಕಿದ್ದ ಮೇಲ್ಮನವಿ ಹಿಂದ ತಗೊಂಡ. ಮಾರ್ಚ್ 21ಕ್ಕ ಚೆಲ್ಸಿ ಎದುರು ಬದಲಿಯಾಗಿ ಇಳದು ನಸ್ರಿಗೆ ಗೆಲುವಿನ ಗೋಲಿನ ಪಾಸ್ ಕೊಟ್ಟ. ಏಪ್ರಿಲ್‌ದಾಗ ನಾರ್ವಿಚ್ ಎದುರು ಮೂರು ಗೋಲು, 6-1. ಆ ಸಲ ಸಿಟಿ ಲೀಗ್ ಗೆದ್ದದ್ದು ಬರೇ ಗೋಲಿನ ಅಂತರದ ಮ್ಯಾಲೆ, +64 ಎದುರು ಯುನೈಟೆಡ್‌ದು +56. ಬಾಗಲಾ ಮುಚ್ಚಿದ ಕೋಚ ಬಾಗಲಾ ತೆಗೆದ, ಆಡಳಿತ ಮಂಡಳಿ ಅವರ ತಲಿ ಮ್ಯಾಲಿಂದ ಹೋಗಿ ತೆಗೀಲಿಲ್ಲ. ಎಂಬಾಪ್ಪೆದಾಗೂ ಇದರಾಗೂ ಫರಕ ಅಲ್ಲೇ ಅದ.

ಕ್ಷಮೆ ಕೋಚಿನ ಮುಂದ ಕೋಣಿಯೊಳಗ ಸಾಕು. ಊರ ಮುಂದ ಕೇಳು ಅಂತ ಹಟ ಹಿಡದ್ರ ಸ್ಯಾಂಚೊ ಮತ್ತ ಆಗಿನ ಯುನೈಟೆಡ್ ಕೋಚ್ ಟೆನ್ ಹಾಗ್ ನಡುವ ಆದಂಗ ನಾಲ್ಕು ತಿಂಗಳು ಹಂಗ ಕೊಳೀತದ. ಮೊದಲ ಸಭಾದಾಗ ಕೋಚ್, ಕ್ರೀಡಾ ನಿರ್ದೇಶಕರು, ಆಟಗಾರ, ಮೂರ ಮಂದಿ ಇರಲಿ, ಏಜೆಂಟ್ ಹೊರಗ. ಅದಕ್ಕಿಂತ ಮೊದಲ ಕ್ಯಾಪ್ಟನ್ ಕರದು ಹೇಳ್ರಿ, ಪೇಪರ್‌ನಾಗ ಓದಿ ಗೊತ್ತಾಗಬಾರದು.

ಇನ್ನ ಒಪ್ಪಂದದ ಕಾಗದ ಓದೂದು. ಭಾಳ ಕ್ಲಬ್ಬು ಇದನ್ನ ಮರೀತಾವು. ಇಷ್ಟು ಪಂದ್ಯ ಶುರುವಿನಿಂದ ಆಡಿದ್ರ ಒಪ್ಪಂದ ತಾನ ಒಂದು ವರ್ಷ ಮುಂದ ಹೋಗ್ತದ, ಇಷ್ಟು ಆದ್ರ ಹಳೇ ಕ್ಲಬ್ಬಿಗೆ ಮತ್ತ ಒಂದು ಕಂತು ಕೊಡಬೇಕು, ಅನ್ನೂ ಸಾಲು ಇರ್ತಾವು. 49 ಪಂದ್ಯ ಆಗಿ 50ಕ್ಕ ಕಂತು ಇದ್ರ, ಅದು ತಿಳದ ಕ್ಷಣನ ಆಡಿಸೂದು ನಿಂತು ಹೋಗ್ತದ, ಹೊಂದಾಣಿಕಿ ಮತ್ತ ಮುರೀತದ. ಕರಿಯೂದಕ್ಕಿಂತ ಮೊದಲ ಆ ಸಾಲು ಬದಲಿ ಮಾಡಿಸ್ಕೋರಿ. ಆಟಗಾರನಿಗೂ ಆಡೂದು ಬೇಕಾಗಿರ್ತದ, ಆವಾಗ ಒಪ್ತಾನ.

ಡೊಂಬಿವಲಿ ಅಣ್ಣಾವ್ರ ಮಾತೂ ಒಂದು ಕಡೆ ಸರಿ ಅದ: ಕೊನೀ ವರ್ಷ ಇದ್ದು ಕೋಚ್ ಬಿಲ್‌ಕುಲ್ ಒಲ್ಲೆ ಅಂದ್ರ ಲೆಕ್ಕ ಮುಗಿಸಿ ಕಳಸ್ರಿ. ಎರಡು ವರ್ಷ ಬಾಕಿ ಇದ್ದು ಕೋಚ್ ಹೂಂ ಅಂದ್ರ ಪಟ್ಟಿದಾಗ ಹೆಸರು ಬರೀರಿ. ಕೋಚ್ ಹೂಂ ಅನ್ನಂಗಿಲ್ಲ, ಒಪ್ಪಂದನೂ ಎರಡು ವರ್ಷ ಅದ ಅಂದ್ರ, ಹೋಮ್‌ಗ್ರೋನ್ ಜಾಗ ಖಾಲಿ ಇದ್ರ ಹೆಸರು ಬರದ ಇಡ್ರಿ, ತರಬೇತಿ ಮುಖ್ಯ ತಂಡದ ಜೊತಿನ ಕೊಡ್ರಿ. ಕೋಚ್ ನವೆಂಬರ್‌ದಾಗ ಬದಲಿ ಆಗೂದು ಹೊಸಾದೇನಲ್ಲ, ಬಂದಾವ ಅವನ್ನ ಕೇಳಬಹುದು.

ಮುಲುಂಡ್ ಲೆಕ್ಕಿಗ (ಮುಂಬೈ):

ಕೊನೆಯ ವರ್ಷದ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಒಪ್ಪಂದ ಮುರಿದು ಕಳಿಸಿದರೆ ಪುಸ್ತಕದಲ್ಲಿ ಉಳಿದ 1 ಕೋಟಿ ಪೂರ್ತಿ ಅದೇ ವರ್ಷದ ನಷ್ಟಕ್ಕೆ ಬೀಳುತ್ತದೆ, ಕೊಟ್ಟ ಪರಿಹಾರವೂ ಅದರ ಜೊತೆಗೆ. ಹೇಗಿದ್ದರೂ ಆ 1 ಕೋಟಿ ಆ ವರ್ಷ ಬೀಳುವುದೇ ಇತ್ತು, ಹಾಗಾಗಿ ನಿಜವಾಗಿ ಉಳಿಯುವುದು ಅವನು ಬಿಟ್ಟುಕೊಟ್ಟ ಸಂಬಳ ಮಾತ್ರ. ಬಾಕಿ 1.04 ಕೋಟಿಯಲ್ಲಿ 70 ಲಕ್ಷಕ್ಕೆ ಒಪ್ಪಿದರೆ ಉಳಿತಾಯ 34 ಲಕ್ಷ. ಅದೇ ಮಾತುಕತೆ ಜನವರಿಯಲ್ಲಿ ಮಾಡಿದರೆ ಬಾಕಿ ಸಂಬಳವೇ ಅರ್ಧ ಆಗಿರುತ್ತದೆ, ಬಿಟ್ಟುಕೊಡುವುದಕ್ಕೆ ಅವನ ಕೈಯಲ್ಲೂ ಹೆಚ್ಚೇನಿರುವುದಿಲ್ಲ. ಕಳಿಸುವುದೇ ಸೈ ಅಂತಾದರೆ ಜೂನ್-ಜುಲೈಯಲ್ಲೇ ಮುಗಿಸಬೇಕು.