ವೈಪರ್ ಲಿವರ್ ಎಳೆದರೆ ಬರೀ ಸದ್ದು, ನೀರಿಲ್ಲ

ಪ್ರಶ್ನೆ:
ಹತ್ತು ವರ್ಷದ ಹಳೇ ಕಾರು. ಹೋದ ವಾರ ಶಿರಾಡಿ ಘಾಟಿ ಇಳಿಯುವಾಗ ಮುಂದಿದ್ದ ಲಾರಿ ಗಾಜಿನ ತುಂಬಾ ಕೆಸರು ಎರಚಿತು. ಲಿವರ್ ಎಳೆದರೆ ‘ಗುಂಯ್’ ಅನ್ನುತ್ತದೆ, ಒಂದು ಹನಿ ನೀರಿಲ್ಲ. ಒಣ ವೈಪರ್ ಕೆಸರನ್ನು ಇನ್ನಷ್ಟು ಬಳಿಯಿತು. ಕುಡಿಯುವ ನೀರನ್ನೇ ಸುರಿದು ಹೇಗೋ ಗುಂಡ್ಯ ತಲುಪಿದೆ. ಗಾಜು ತೊಳೆಯುವ ನೀರಿನ ಟ್ಯಾಂಕ್ ತುಂಬಿದೆ. ಗ್ಯಾರೇಜಿನವರು ಬಾನೆಟ್ ಕೂಡ ಎತ್ತದೆ ನೀರಿನ ಪಂಪಿನ ಮೋಟಾರ್ ಬದಲಿಸಿ ಅಂದರು. ನಿಜಾನಾ?

ಉತ್ತರ 1:
ಸದ್ದು ಬಂದರೆ ಫ್ಯೂಸ್ ಸರಿಯಿದೆ, ಮೋಟಾರಿಗೆ ಕರೆಂಟ್ ಹೋಗುತ್ತಿದೆ. ಗಾಜಿಗೆ ನೀರು ಚಿಮ್ಮಿಸುವ ನಾಜಲ್ ಹತ್ತಿರ ಪೈಪ್ ಬಿಚ್ಚಿ, ಮನೆಯವರಿಗೆ ಲಿವರ್ ಎಳೆಯಲು ಹೇಳಿ. ಪೈಪಿನಿಂದ ನೀರು ಚಿಮ್ಮಿದರೆ ನಾಜಲ್ ಕಟ್ಟಿದೆ. ಇಲ್ಲವಾದರೆ ಪೈಪ್ ಎಲ್ಲೋ ಕಳಚಿರಬೇಕು, ಅಥವಾ ಪಂಪಿನ ಜಾಲರಿಗೆ ಪಾಚಿ ಕಟ್ಟಿರಬೇಕು. ಸುಮ್ನೆ ಜಾಸ್ತಿ ಹೊತ್ತು ಒತ್ತಬೇಡಿ, ಪಂಪ್ ಬಿಸಿಯಾಗುತ್ತದೆ.

ಉತ್ತರ 2:
ಬೋರ್‌ವೆಲ್ ನೀರು ಹಾಕ್ತೀರಾ? ನಮ್ಮ ಗೀಸರಿನ ಹಾಗೇ ನಾಜಲಿಗೂ ಬಿಳಿ ಸುಣ್ಣ ಕಟ್ಟುತ್ತದೆ. ಸಣ್ಣ ಸೂಜಿಯಿಂದ ಮೆಲ್ಲಗೆ ಬಿಡಿಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ ಸುರಿಯಬೇಡಿ, ಬರೀ ನೊರೆ.

ಪ್ರಶ್ನೆ ಕೇಳಿದವರು:
ಬೋರ್‌ವೆಲ್ಲೇ! ಪೈಪ್ ಬಿಚ್ಚಿದ ಕೂಡಲೇ ನೀರು ಹೆಂಡತಿಯ ಸೀರೆಗೇ ಚಿಮ್ಮಿತು, ಬೈಸಿಕೊಂಡೆ. ಸೂಜಿ ಹಾಕಿದೆ, ಎರಡೂ ನಾಜಲ್ ಸರಿಯಾದವು. ಆದರೆ ಬಲಗಡೆಯದು ಗಾಜು ಬಿಟ್ಟು ಟಾಪ್ ಮೇಲೆ ಹಾರಿಸುತ್ತಿದೆ.

ಉತ್ತರ 2:
ಅದೇ ಸೂಜಿ ಸಿಕ್ಕಿಸಿ ನಾಜಲಿನ ಗುಂಡನ್ನು ಚೂರು ಕೆಳಗೆ ತಿರುಗಿಸಿ. ಈ ಸಲ ಒಬ್ಬರೇ ಮಾಡಿ.